ಹೌದಪ್ಪ, ಅಲ್ಲಪ್ಪ ಇಬ್ಬರಿಗೂ ರಜೆ

ಆ ವಾರಪತ್ರಿಕೆಯ ಹಿಂಬದಿಯ ಪುಟದಲ್ಲಿ ಇಬ್ಬರು ವರ್ಷಗಟ್ಟಲೆ ಜಗಳವಾಡಿಕೊಂಡಿದ್ದರು. ಒಬ್ಬ ಹೌದಪ್ಪ, ಇನ್ನೊಬ್ಬ ಅಲ್ಲಪ್ಪ. ಟಿವಿಗೆ ಜೋಡಿಸಿ ಆಡುವ ಕನ್ಸೋಲ್ ಗೇಮ್ ಯಾವುದೇ ಹೊಸದು ಬರಲಿ, ಎಡಗಡೆಯ ಕಾಲಮ್ಮಿನಲ್ಲಿ ಹೌದಪ್ಪ ಅದನ್ನು ಹೊಗಳಿ ಅಟ್ಟಕ್ಕೇರಿಸುತ್ತಿದ್ದ, ಬಲಗಡೆಯಲ್ಲಿ ಅಲ್ಲಪ್ಪ ಅದರ ಚಳಿ ಬಿಡಿಸುತ್ತಿದ್ದ. ಓದುಗರಲ್ಲೂ ಎರಡು ಪಂಗಡವಾಗಿತ್ತು. ಅಲ್ಲಪ್ಪನಿಗೆ ಹೊಟ್ಟೆಕಿಚ್ಚು ಎಂದು ಒಬ್ಬರು ಬರೆದರೆ, ಹೌದಪ್ಪ ಕಂಪನಿಯವರ ಬಾಲಬಡುಕ ಎಂದು ಇನ್ನೊಬ್ಬರು ಬರೆಯುತ್ತಿದ್ದರು. ಇಬ್ಬರಿಗೂ ದಪ್ಪ ಮೀಸೆ ಇರಬೇಕೆಂದು ಜನ ಅಂದುಕೊಂಡಿದ್ದರು. ಮೀಸೆ ಎಲ್ಲಿಂದ ಬರಬೇಕು? ಇಬ್ಬರೂ ಒಬ್ಬಳೇ ಹೆಂಗಸು. ಅದೇ ಪತ್ರಿಕೆಯಲ್ಲಿ ಕರಡು ತಿದ್ದುವವಳು. ಕಚೇರಿಯವರ ಬಾಯಲ್ಲಿ ಅವಳು ಕರಡಕ್ಕ.

ಅವಳಿಗೆ ಗೇಮಿನ ಗೀಳು ಹತ್ತಿದ್ದು ಗಂಡನ ನಿದ್ದೆಯಿಂದ. ಗಂಡ ಲಿಫ್ಟ್ ಮೆಕ್ಯಾನಿಕ್. ದಿನವಿಡೀ ಸ್ಪ್ಯಾನರ್ ತಿರುಗಿಸಿದ ಕೈಗೆ ಒಂದಿಷ್ಟು ಆಟ ಬೇಕು ಎಂದು ಹೇಳಿ ಕನ್ಸೋಲ್ ತಂದಿದ್ದ. ತಂದದ್ದೇನೋ ಸರಿ, ಕಂಟ್ರೋಲರ್ ಹಿಡಿದು ಸೋಫಾದ ಮೇಲೆ ಕೂತರೆ ಹಾಗೇ ಗೊರಕೆ. ಟಿವಿಯಲ್ಲಿ ಪಾಪದ ವೀರನೊಬ್ಬ ನಿಂತಲ್ಲೇ ನಿಂತು ಏಟು ತಿನ್ನುತ್ತಿದ್ದ. ಅವನ ಗೋಳು ನೋಡಲಾರದೆ ಕರಡಕ್ಕ ಗಂಡನ ಕೈಯಿಂದ ಕಂಟ್ರೋಲರ್ ಬಿಡಿಸಿಕೊಂಡಳು. ಆಮೇಲೆ ವಾಪಸು ಕೊಡಲಿಲ್ಲ.

ಹೌದಪ್ಪ, ಅಲ್ಲಪ್ಪ ಮೊದಲು ನಿಜವಾಗಿಯೂ ಇಬ್ಬರು ಹುಡುಗರೇ ಆಗಿದ್ದರು. ಪುಟದ ಮೇಲಿನ ಜಗಳ ಒಂದು ದಿನ ಪುಟ ಬಿಟ್ಟು ಕ್ಯಾಂಟೀನಿಗೆ ಇಳಿಯಿತು. ಒಬ್ಬನ ಮುಖ ಇನ್ನೊಬ್ಬ ನೋಡುವುದಿಲ್ಲ ಎಂದು ಇಬ್ಬರೂ ಒಟ್ಟಿಗೆ ಕೆಲಸ ಬಿಟ್ಟರು. ಸಂಪಾದಕರು ಖಾಲಿ ಪುಟದ ಮುಂದೆ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ, ತಿದ್ದಿದ ಕರಡು ಕೊಡಲು ಹೋದ ಕರಡಕ್ಕ ಬಾಯಿ ತಪ್ಪಿ, "ಈ ವಾರದ ಗೇಮ್ ನಾನು ಆಡಿದೀನಿ ಸಾರ್" ಎಂದಳು.

"ಹಾಗಾದ್ರೆ ನೀವೇ ಬರೀರಿ ಅಕ್ಕ."

"ಯಾರ ಪರವಾಗಿ?"

"ಇಬ್ಬರ ಪರವಾಗೂ. ಈ ವಾರ ಒಂದು ದಾಟಿಸಿಕೊಡಿ, ಆಮೇಲೆ ಯಾರನ್ನಾದ್ರೂ ಹುಡುಕ್ತೀನಿ. ಹೊರಗೆ ಯಾರಿಗೂ ಹೇಳ್ಬೇಡಿ."

ಸಂಪಾದಕರು ಇನ್ನೂ ಹುಡುಕುತ್ತಿದ್ದಾರೆ.

ಎರಡೂ ಕಾಲಮ್ಮು ಸಮನಾಗಿರಬೇಕು, ಒಂದು ಸಾಲೂ ಆಚೀಚೆ ಆಗಬಾರದು. ಅದು ಆ ಪುಟದ ಕಟ್ಟಳೆ. ಹಾಗಾಗಿ ಎಷ್ಟೇ ಒಳ್ಳೆಯ ಆಟವಿದ್ದರೂ ಅಲ್ಲಪ್ಪನಿಗೆ ಕಲ್ಲು ಹುಡುಕಿ ಕೊಡಬೇಕು; ಎಷ್ಟೇ ದರಿದ್ರ ಆಟವಿದ್ದರೂ ಹೌದಪ್ಪನ ಕೈಗೆ ಒಂದು ಹಾರ ಕೊಡಬೇಕು. ಮೊದಮೊದಲು ಇದು ಅವಳಿಗೆ ಮಜಾ ಅನ್ನಿಸಿತ್ತು. ಬರಬರುತ್ತ ಅದೇ ಚಾಳಿಯಾಯಿತು. ಕಿಟಕಿಗೆ ಪರದೆ ಬಟ್ಟೆ ನೋಡಲು ಹೋದರೆ, ಬಣ್ಣ ಚೆನ್ನಾಗಿದೆ, ಆದರೆ ಬಿಸಿಲಿಗೆ ಮಾಸುತ್ತೆ, ಮಾಸಿದರೂ ಒಂದು ಥರ ಚೆಂದವೇ, ಆದರೆ ಒಗೆಯೋದು ಕಷ್ಟ ಎಂದು ರಾಗ ಎಳೆಯುತ್ತಿದ್ದಳು. "ಇವಳ ಹತ್ರ ಏನೂ ಕೇಳ್ಬೇಡಿ, ಎರಡು ಕಾಲಮ್ ಬರುತ್ತೆ" ಎಂದು ಗಂಡ ಅಂಗಡಿಯವನ ಮುಂದೆಯೇ ನಗುತ್ತಿದ್ದ. ಅವಳೂ ನಗುತ್ತಿದ್ದಳು. ಆದರೆ ಒಮ್ಮೆ ಸಿನಿಮಾ ಮುಗಿಸಿ ಹೊರಗೆ ಬರುವಾಗ ಗಂಡ "ಚೆನ್ನಾಗಿತ್ತಾ?" ಎಂದು ಸುಮ್ಮನೆ ಕೇಳಿದ. ಅವಳ ಬಾಯಿಂದ ಹೌದೂ ಬರಲಿಲ್ಲ, ಇಲ್ಲವೂ ಬರಲಿಲ್ಲ. ಆಗ ಅವಳಿಗೆ ನಿಜವಾಗಿ ಭಯವಾಯಿತು. ತನಗೆ ಏನು ಇಷ್ಟ ಎಂಬುದೇ ತನಗೆ ತಿಳಿಯದೆ ಹೋಯಿತಲ್ಲ ಎಂದು ಮನೆ ಮುಟ್ಟುವವರೆಗೂ ಕೊರಗಿದಳು.

ಈ ಮನೆಯ ಒಂದು ಪದ್ಧತಿ ಇಲ್ಲೇ ಹೇಳಿಬಿಡಬೇಕು. ಗಂಡನ ಅಪ್ಪನೂ ಲಿಫ್ಟ್ ಮೆಕ್ಯಾನಿಕ್ಕೇ. ಲಿಫ್ಟ್ ಕೆಟ್ಟು ಒಳಗೆ ಯಾರಾದರೂ ಸಿಕ್ಕಿಹಾಕಿಕೊಂಡರೆ, ರಿಪೇರಿಗೆ ಕೈ ಹಾಕುವ ಮೊದಲು ಸ್ಪ್ಯಾನರಿನ ಹಿಡಿಯಿಂದ ಬಾಗಿಲ ಮೇಲೆ ಎರಡು ಸಲ ತಟ್ಟುವುದು ಆ ಹಿರಿಯರ ಕ್ರಮವಾಗಿತ್ತು. ಒಳಗಿದ್ದವರಿಗೆ ಮಾತು ಕೇಳಿಸದಿದ್ದರೂ ತಟ್ಟಿದ್ದು ಕೇಳಿಸುತ್ತದೆ, ಯಾರೋ ಬಂದಿದ್ದಾರೆ ಎಂದು ಜೀವ ಬರುತ್ತದೆ. ಕೆಲಸದ ನಡುನಡುವೆಯೂ ತಟ್ಟುತ್ತಿರಬೇಕು. ಅದು ಹೇಗೋ ಮನೆಗೂ ಅಂಟಿಕೊಂಡಿತ್ತು. ಬೀಗದ ಕೈ ಜೇಬಿನಲ್ಲಿದ್ದರೂ ಬಾಗಿಲು ತಟ್ಟಿಯೇ ಒಳಗೆ ಬರುವುದು, ಅಡುಗೆಮನೆಯ ಗೋಡೆ ತಟ್ಟಿಯೇ ಕಾಲಿಡುವುದು. ಒಳಗಿದ್ದವರು "ಹಾಂ, ಇದ್ದೀನಿ" ಅನ್ನಬೇಕು. ಮದುವೆಯಾಗಿ ಬಂದ ಹೊಸದರಲ್ಲಿ ಕರಡಕ್ಕ ಪ್ರತಿ ಸಲವೂ ಬೆಚ್ಚಿಬೀಳುತ್ತಿದ್ದಳು. ಈಗ ನಿದ್ದೆಗಣ್ಣಲ್ಲೂ ಹಾಂ ಅನ್ನುತ್ತಾಳೆ.

ಗಂಡನ ತಮ್ಮ, ಅಂದರೆ ಅವಳ ಮೈದುನ, ಅಪ್ಪನ ಕಸುಬು ಹಿಡಿಯಲಿಲ್ಲ. ಅಂಗಡಿಗಳಿಗೆ ಬೋರ್ಡ್ ಬರೆಯುವ ಕಡೆ ಚಿತ್ರ ಬಿಡಿಸುತ್ತಿದ್ದ. ಅದನ್ನೂ ಬಿಟ್ಟು, ಚಿಕ್ಕಂದಿನಿಂದ ಇದೇ ಮನೆಯಲ್ಲಿ ಉಂಡು ಬೆಳೆದ ಇಬ್ಬರು ಗೆಳೆಯರನ್ನು ಕಟ್ಟಿಕೊಂಡು, ಪಕ್ಕದ ಬೀದಿಯ ಒಂದು ಕೋಣೆಯಲ್ಲಿ ಗೇಮ್ ಮಾಡಲು ಕೂತ. ಪತ್ರಿಕೆಯ ಗುಟ್ಟು ಅಣ್ಣನಿಗೆ ಗೊತ್ತಿತ್ತು. ಒಂದೇ ಟಿವಿಯ ಮನೆಯಲ್ಲಿ ಅದನ್ನು ಬಚ್ಚಿಡುವುದು ಹೇಗೆ? ಆದರೆ ಬೇರೆ ಇದ್ದು ಊಟಕ್ಕೆ ಮಾತ್ರ ಬಂದು ಹೋಗುವ ತಮ್ಮನಿಗೆ ಗೊತ್ತಿರಲಿಲ್ಲ. ಸಾಲದ್ದಕ್ಕೆ ಅವನು ಅಲ್ಲಪ್ಪನ ಪರಮಭಕ್ತ.

"ಹೌದಪ್ಪ ಎಲ್ಲದಕ್ಕೂ ತಲೆ ಆಡಿಸ್ತಾನೆ ಅತ್ತಿಗೆ. ಅಲ್ಲಪ್ಪ ಮಾತ್ರ ನಿಜವಾಗ್ಲೂ ಕೂತು ಆಡಿ ಬರೀತಾನೆ" ಎಂದು ಅವನು ಊಟದ ನಡುವೆ ವಾದಿಸುತ್ತಿದ್ದರೆ, ಅತ್ತಿಗೆ ನಗು ತಡೆಯಲು ನೀರು ಕುಡಿಯುತ್ತಿದ್ದಳು.

ಮೈದುನನ ಗೇಮ್ ಕೊನೆಗೂ ಹೊರಬಂತು. ಎತ್ತರದ ಕಟ್ಟಡವೊಂದರಲ್ಲಿ ಲಿಫ್ಟ್ ನಿಂತುಹೋಗಿದೆ, ಒಳಗೊಬ್ಬಳು ಅಜ್ಜಿ ಸಿಕ್ಕಿಹಾಕಿಕೊಂಡಿದ್ದಾಳೆ. ಆಡುವವನೇ ಮೆಕ್ಯಾನಿಕ್. ಮಹಡಿಯಿಂದ ಮಹಡಿಗೆ ಹತ್ತಿ ಇಳಿದು ಬೇಕಾದ ಸಾಮಾನು ಹುಡುಕಿ ತಂದು ಲಿಫ್ಟ್ ಸರಿಮಾಡಬೇಕು. ಇಷ್ಟೇ ಆಟ. ವಿಮರ್ಶಕರು ಮಾತ್ರ ಒಬ್ಬರು ಏರಿಗೆ, ಒಬ್ಬರು ನೀರಿಗೆ ಎಳೆದರು. ಆ ಅಜ್ಜಿಯ ಮಾತು ಮನಸ್ಸಿನಿಂದ ಹೋಗುವುದೇ ಇಲ್ಲ ಎಂದು ಒಬ್ಬ ಬರೆದರೆ, ಅಜ್ಜಿಗೆ ಮಾತು ಕೊಡುವುದನ್ನೇ ಮರೆತಿದ್ದಾರೆ ಎಂದು ಇನ್ನೊಬ್ಬ ಬರೆದ. ಈ ವರ್ಷದ ಆಟ ಎಂದು ಒಂದು ಕಡೆ. ಮುಚ್ಚಿದ ಬಾಗಿಲ ಮುಂದೆ ನಿಂತು ಆಕಳಿಸುವ ಆಟ ಎಂದು ಇನ್ನೊಂದು ಕಡೆ. ಬೈದವರು ಸರಿಯಾಗಿ ಆಡೇ ಇಲ್ಲ ಎಂದು ಮೈದುನ ಮೊದಲು ರೇಗಿದ. ಬೈದವರೇ ಹೆಚ್ಚಾದಾಗ ರೇಗುವುದನ್ನೂ ಬಿಟ್ಟ.

"ಬೋರ್ಡ್ ಅಂಗಡಿಯವರು ವಾಪಸು ಬಾ ಅಂತಿದಾರೆ ಅತ್ತಿಗೆ. ಸೋಮವಾರ ಹೇಳ್ಬೇಕು. ಅಷ್ಟರಲ್ಲಿ ಅಲ್ಲಪ್ಪನದ್ದು ಬರುತ್ತೆ."

"ಅವನ್ಯಾರೋ ಏನೋ ಬರೆದ ಅಂತ ನೀನು ಇದನ್ನ ಬಿಟ್ಟುಬಿಡ್ತೀಯಾ?"

"ಅವನು ಚೆನ್ನಾಗಿಲ್ಲ ಅಂದ್ರೆ ಚೆನ್ನಾಗಿಲ್ಲ ಅಂತಲೇ. ಆಮೇಲೆ ನಂಗೆ ಈ ಆಸೆ ಬೇಡ."

ಕರಡಕ್ಕ ಮರುದಿನವೇ ಸಂಪಾದಕರ ಮೇಜಿನ ಮುಂದೆ ನಿಂತು, "ಇದು ನನ್ನ ಮೈದುನನ ಗೇಮ್ ಸಾರ್. ಬೇರೆ ಯಾರಿಗಾದ್ರೂ ಕೊಡಿ" ಎಂದಳು.

"ಯಾರಿಗೆ ಕೊಡ್ಲಿ ಅಕ್ಕ? ಇರೋರು ಇಬ್ಬರು. ಇಬ್ಬರೂ ನೀವೇ."

ರಜೆ ಹಾಕಿ ಮನೆಯಲ್ಲೇ ಕೂತು ಆಡಿದಳು. ಯಾರ ಕಡೆಗೂ ವಾಲಬಾರದು, ಎಂದಿನ ಹಾಗೆ ಒಂದು ಕಣ್ಣು ಹೌದಪ್ಪನದು, ಒಂದು ಕಣ್ಣು ಅಲ್ಲಪ್ಪನದು ಎಂದು ಗಟ್ಟಿ ಮನಸ್ಸು ಮಾಡಿದ್ದಳು. ಶುರುವಿನಲ್ಲಿ ಅಜ್ಜಿ "ಯಾರಾದ್ರೂ ಇದ್ದೀರಾ?" ಎಂದು ಕೂಗಿದಳು, ಆಮೇಲೆ ಮೌನ. ಮೆಟ್ಟಿಲು ಹತ್ತಿದ್ದೇ ಹತ್ತಿದ್ದು, ಬೋಲ್ಟು ಬಿಗಿದದ್ದೇ ಬಿಗಿದದ್ದು. ಕೊನೆಗೆ ಬಾಗಿಲು ತೆರೆದಾಗ ಅಜ್ಜಿ ಒಂದು ಮಾತೂ ಆಡದೆ ಹೊರಟುಹೋದಳು. ಇದೇನಪ್ಪಾ ಎಂದು ಕರಡಕ್ಕನಿಗೇ ಮುಜುಗರವಾಯಿತು. ಅಲ್ಲಪ್ಪನ ಕಾಲಮ್ಮು ನೀರು ಕುಡಿದಷ್ಟು ಸಲೀಸಾಗಿ ಬಂತು. ಹೌದಪ್ಪನದಕ್ಕೆ ಗೋಡೆಯ ಬಣ್ಣ, ಮೆಟ್ಟಿಲ ಮೇಲಿನ ಬೆಳಕು ಎಂದೆಲ್ಲ ಎಳೆದು ತುಂಬಿಸಬೇಕಾಯಿತು. ಎರಡನ್ನೂ ಕಚೇರಿಗೆ ಕಳಿಸಿದಳು. ತಾನು ಬರೆದದ್ದು ಸುಳ್ಳಲ್ಲ ಎಂಬುದೇ ಅವಳನ್ನು ಹೆಚ್ಚು ಸುಡುತ್ತಿತ್ತು. ಆ ಹುಡುಗ ಈ ಮಾತು ಓದಿ ಕೈ ಚೆಲ್ಲುತ್ತಾನೆ, ಚೆಲ್ಲಿಸಿದವಳು ತಾನು.

ಮರುದಿನ ಸಂಜೆ ಮನಸ್ಸು ತಡೆಯದೆ ಮತ್ತೆ ಟಿವಿ ಹಾಕಿದಳು. ಹೌದಪ್ಪನಿಗೆ ಇನ್ನೊಂದೆರಡು ಸಾಲು ಸಿಕ್ಕರೂ ಸಿಗಲಿ ಎಂಬ ಆಸೆ. ಮೆಕ್ಯಾನಿಕ್ಕನನ್ನು ಲಿಫ್ಟಿನ ಮುಂದೆ ನಿಲ್ಲಿಸಿ ಯೋಚಿಸುತ್ತಿದ್ದಾಗ ಹಿಂದಿನಿಂದ ಟಕ್ ಟಕ್ ಎಂದಿತು. ಗಂಡ ಕೆಲಸದಿಂದ ಬಂದಿದ್ದ.

"ಹಾಂ, ಇದ್ದೀನಿ" ಎಂದಳು, ತಿರುಗಿಯೂ ನೋಡದೆ.

ಅಂದ ಮೇಲೆ ಅವಳ ಹೆಬ್ಬೆರಳು ನಿಂತುಬಿಟ್ಟಿತು. ಟಿವಿಯಲ್ಲಿ ಮುಚ್ಚಿದ ಬಾಗಿಲು. ಅದರ ಮುಂದೆ ಸ್ಪ್ಯಾನರ್ ಹಿಡಿದ ಮೆಕ್ಯಾನಿಕ್. ಬೋಲ್ಟು ಬಿಗಿಯಲು ಮಾತ್ರ ಬಳಸಿದ್ದ ಆ ಬಟನ್ನನ್ನು, ಬೋಲ್ಟೇ ಇಲ್ಲದ ಬಾಗಿಲ ಮುಂದೆ ಒತ್ತಿದಳು. ಸ್ಪ್ಯಾನರಿನ ಹಿಡಿ ಎರಡು ಸಲ ಬಾಗಿಲಿಗೆ ಬಡಿಯಿತು.

"ಹಾಂ... ಇದ್ದೀನಪ್ಪ" ಎಂದಿತು ಒಳಗಿನ ಧ್ವನಿ. "ಒಲೆ ಮೇಲೆ ಹಾಲಿಟ್ಟು ಬಂದಿದೀನಿ. ಒಂಚೂರು ಒಲೆ ಆರಿಸಿ ಬರ್ತೀಯಾ?"

ಒಲೆ ಆರಿಸಿ ಬಂದು ತಟ್ಟಿದಳು. ಅಜ್ಜಿ ತನ್ನ ತಂಗಿಯ ಕಥೆ ತೆಗೆದಳು. ಮತ್ತೆ ತಟ್ಟಿದರೆ ಪಕ್ಕದ ಮನೆಯವರ ಮೇಲಿನ ಸಿಟ್ಟು, ಮತ್ತೆ ತಟ್ಟಿದರೆ ಅರ್ಧಕ್ಕೆ ಬಿಟ್ಟ ಸ್ವೆಟರು. ತಟ್ಟದೆ ಹೋದರೆ ಮಾತು ನಿಲ್ಲುತ್ತಿತ್ತು. ಗಂಡ ಊಟದ ಡಬ್ಬಿಯನ್ನೂ ಕೆಳಗಿಡದೆ ಅಲ್ಲೇ ನಿಂತು ನೋಡಿದ. ಕೊನೆಗೆ ಬಾಗಿಲು ತೆರೆದಾಗ ಅಜ್ಜಿ ಮೆಕ್ಯಾನಿಕ್ಕನ ತೋಳು ಹಿಡಿದು, "ನೀನು ತಟ್ಟುತ್ತಾ ಇದ್ಯಲ್ಲ, ಅದಕ್ಕೇ ನಾನು ಅಳಲಿಲ್ಲ" ಎಂದಳು. ಅಜ್ಜಿ ಅಳದಿದ್ದರೂ ಕರಡಕ್ಕ ಅತ್ತಳು.

"ಚೆನ್ನಾಗಿದೆಯಾ?" ಎಂದ ಗಂಡ.

"ಚೆನ್ನಾಗಿದೆ ರೀ."

ಬಾಯಿಂದ ಬಂದದ್ದು ಅಷ್ಟೇ. ಅದರ ಹಿಂದೆ 'ಆದರೆ' ಬರಲಿಲ್ಲ. ಎಷ್ಟೋ ಕಾಲದ ಮೇಲೆ ಹಾಗೆ ಹೇಳಿದ್ದೇನೆ ಎಂದು ಅವಳಿಗೇ ಖುಷಿಯಾಯಿತು. ಹಿಂದೆಯೇ ಕೋಪವೂ ಬಂತು. "ಅಲ್ಲ, ಬಾಗಿಲು ತಟ್ಬೇಕು ಅಂತ ಎಲ್ಲೂ ಒಂದು ಮಾತು ಹೇಳಿಲ್ವಲ್ಲ ನಿಮ್ಮ ತಮ್ಮ! ಆಡೋರಿಗೆ ಗೊತ್ತಾಗೋದಾದ್ರೂ ಹೇಗೆ?"

ಗಂಡನಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಅದರಲ್ಲಿ ಹೇಳೋದೇನಿದೆ? ಬಾಗಿಲು ಅಂದ್ಮೇಲೆ ತಟ್ಟೋದು."

ಕರಡಕ್ಕ ಹಣೆ ಚಚ್ಚಿಕೊಂಡಳು. ಮನೆಮಂದಿಗೆಲ್ಲ ಇದೇ ಬುದ್ಧಿ. ಆ ಕೋಣೆಯಲ್ಲಿ ಕೂತು ಆಟ ಮಾಡಿದ ಮೂವರೂ ಇದೇ ಮನೆಯ ಅನ್ನ ತಿಂದವರು, ಅದಕ್ಕೇ ಯಾರಿಗೂ ಹೊಳೆದಿಲ್ಲ. ಸುಮ್ಮನೆ ಕೈ ತಪ್ಪಿ ಆ ಬಟನ್ ಒತ್ತಿದ ವಿಮರ್ಶಕರು ಹೊಗಳಿದ್ದಾರೆ, ಒತ್ತದವರು ಬೈದಿದ್ದಾರೆ. ಅಜ್ಜಿ ಮಾತ್ರ ಒಳಗೇ ಕಾಯುತ್ತಿದ್ದಳು. ಈ ಮನೆಯ ಸೊಸೆಯಾಗಿ ತನಗಾದರೂ ತಿಳಿಯಬೇಕಿತ್ತು. ಆದರೆ ಆಡಲು ಕೂತದ್ದು ತಾನಲ್ಲ, ಹೌದಪ್ಪ, ಅಲ್ಲಪ್ಪ ಎಂಬ ಆ ಇಬ್ಬರು ಅಪ್ಪಂದಿರು.

ಸಂಪಾದಕರಿಗೆ ಫೋನ್ ಹಚ್ಚಿದಳು. "ಸಾರ್, ಆ ಪುಟ ನಿಲ್ಲಿಸಿ."

"ಅಚ್ಚಿಗೆ ಪುಟ ಕಟ್ಟಿ ಆಗಿದೆ ಅಕ್ಕ."

"ಬಿಚ್ಚಿ ಸಾರ್. ಎರಡು ಕಾಲಮ್ ಬೇಡ. ಒಂದೇ ಬರೆದು ಕಳಿಸ್ತೀನಿ."

"ಒಂದೇ ಅಂದ್ರೆ? ಹೌದಪ್ಪ, ಅಲ್ಲಪ್ಪ ಏನಾದ್ರು ಅಂತ ಓದುಗರು ಕೇಳಿದ್ರೆ?"

"ಇಬ್ಬರಿಗೂ ರಜೆ ಅನ್ನಿ."

ಸಂಪಾದಕರು ಗೊಣಗಿದರು, ಕೂಗಾಡಿದರು, ಕೊನೆಗೆ ಬಿಚ್ಚಿದರು. ಕರಡಕ್ಕನ ಬರಹ ಶನಿವಾರ ಪುಟದ ಉದ್ದಗಲಕ್ಕೂ ಬಂತು. ಈ ಆಟ ಮಾಡಿದವನು ನನ್ನ ಮೈದುನ, ಅದನ್ನು ತಿಳಿದುಕೊಂಡೇ ಮುಂದೆ ಓದಿ ಎಂದು ಮೊದಲ ಸಾಲಿನಲ್ಲೇ ಬರೆದಿದ್ದಳು. ಇಷ್ಟು ವರ್ಷ ಈ ಪುಟದಲ್ಲಿ ಜಗಳವಾಡಿದ ಇಬ್ಬರೂ ನಾನೇ ಎಂದೂ ಬರೆದಿದ್ದಳು. ಆಟ ಚೆನ್ನಾಗಿದೆ ಎಂದಳು. ಮನೆಯೊಳಗಿನ ರೂಢಿಯನ್ನು ಲೋಕದ ರೂಢಿ ಅಂದುಕೊಂಡು, ತಟ್ಟಿ ಎಂದು ಒಂದು ಮಾತೂ ಹೇಳದೆ ಬಿಟ್ಟದ್ದು ಮಾಡಿದವರ ತಪ್ಪು, ಆಡಿದವರದಲ್ಲ ಎಂದೂ ಮುಲಾಜಿಲ್ಲದೆ ಬೈದಿದ್ದಳು.

ಶನಿವಾರ ಬೆಳಗ್ಗೆ ಪತ್ರಿಕೆ ಬಂತು, ಮೈದುನ ಬರಲಿಲ್ಲ. ಫೋನೂ ಇಲ್ಲ. ಅವಳು ಒಗೆದ ಬಟ್ಟೆಯನ್ನೇ ಮತ್ತೆ ಒಗೆದಳು. ಇಷ್ಟು ವರ್ಷ ನಗುತ್ತ ಊಟ ಬಡಿಸಿ ಮೋಸ ಮಾಡಿದಳು ಅಂದುಕೊಂಡನೇನೋ, ಬೈದದ್ದು ಹೆಚ್ಚಾಯಿತೇನೋ. ಮಧ್ಯಾಹ್ನದ ಹೊತ್ತಿಗೆ ಮೆಟ್ಟಿಲ ಮೇಲೆ ಅವನ ಚಪ್ಪಲಿಯ ಸಪ್ಪಳ ಕೇಳಿತು. ಬಾಗಿಲವರೆಗೂ ಬಂತು. ಅಲ್ಲೇ ನಿಂತಿತು. ತಟ್ಟಲಿಲ್ಲ.

ಕರಡಕ್ಕ ಕೈ ಒರೆಸಿಕೊಂಡು ಬಂದು ಬಾಗಿಲ ಈಚೆ ನಿಂತಳು. ಅವನೂ ತಟ್ಟಲೊಲ್ಲ, ಇವಳಿಗೂ ತೆರೆಯುವ ಧೈರ್ಯವಿಲ್ಲ. ಕೊನೆಗೆ ಒಳಗಿನಿಂದ ತಾನೇ ಎರಡು ಸಲ ತಟ್ಟಿದಳು.

ಆಚೆಯಿಂದ ಕಾಗದ ಸುತ್ತುವ ಸರಸರ ಕೇಳಿತು.

"ಹಾಂ ಅತ್ತಿಗೆ. ಇದ್ದೀನಿ."

ಬಾಗಿಲು ತೆಗೆದಳು. ಕೈಯಲ್ಲಿ ಸುರುಳಿ ಸುತ್ತಿದ ಪತ್ರಿಕೆ, ಕಣ್ಣು ಕೆಂಪು. ಜಗಳಕ್ಕೆ ಬಂದವನ ಹಾಗೆ ಕೇಳಿದ: "ಬೇರೆಯವರ ಮನೇಲಿ ತಟ್ಟಲ್ವಾ?"

"ಇಲ್ಲ ಕಣೋ. ಬೆಲ್ ಒತ್ತುತ್ತಾರೆ."

"ನಂಗೆ ಗೊತ್ತೇ ಇರ್ಲಿಲ್ಲ" ಎಂದು ಅವನು ಹೊಸ್ತಿಲ ಮೇಲೆ ಕೂತುಬಿಟ್ಟ. ನಗುತ್ತಿದ್ದನೋ ಅಳುತ್ತಿದ್ದನೋ ಹೇಳುವುದು ಕಷ್ಟ. "ಅಜ್ಜಿ ಕೈಲೇ ಹೇಳಿಸ್ತೀನಿ ಬಿಡಿ. 'ಯಾರಾದ್ರೂ ಇದ್ರೆ ಬಾಗಿಲು ತಟ್ಟಿ' ಅಂತ. ಒಂದೇ ಸಾಲು."

"ಮತ್ತೆ ಸೋಮವಾರ? ಬೋರ್ಡ್ ಅಂಗಡಿಗೆ ಏನು ಹೇಳ್ತೀಯಾ?"

"ಬರಲ್ಲ ಅಂತ ಹೇಳಿಬಿಟ್ಟೆ ಅತ್ತಿಗೆ. ಅಲ್ಲಿಂದಲೇ ಬರ್ತಿದೀನಿ."