ಕಲೆ ಇಲ್ಲದ ಜಾಗದ ಮಣ್ಣು

ಮೊನ್ನೆ ಸರ್ವಜ್ಞನಗರದ ಬೇಕರಿಯವರು ಹೊಸ ಕೈಗವಸು ಹಾಕಿಕೊಂಡು ದಿಲ್‌ಪಸಂದ್ ಕತ್ತರಿಸಿ ಕೊಟ್ಟರು. ಬೆಣ್ಣೆಯ ಘಮಕ್ಕಿಂತ ಮೊದಲು ರಬ್ಬರಿನ ವಾಸನೆ ಮೂಗಿಗೆ ಬಂತು. ನಮ್ಮ ಮೇಡಂ ನೆನಪಾದರು.

ಮಣ್ಣು, ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ಅವರು ನನ್ನ ಮೇಲಧಿಕಾರಿ. ಎಲ್ಲರ ದನಿ ಅನುಕರಿಸುವುದು ನನ್ನ ಮುಖ್ಯ ಕಸುಬು, ಲ್ಯಾಬಿನದು ಉಪಕಸುಬು. ಮಾದರಿ ಮಣ್ಣು ತೆಗೆಯುವ ಒಂದೊಂದು ಗುಂಡಿಗೂ ಹೊಸ ಕೈಗವಸು ಎಂಬುದು ಮೇಡಂ ಕಟ್ಟಳೆ.

“ಮದುವೆ ಹೆಣ್ಣು ಸೀರೆ ಬದಲಾಯಿಸ್ದಂಗಾಯ್ತು, ಮೇಡಂ,” ಅಂದೆ.

“ಒಂದು ಗುಂಡಿ ಕೊಳೆ ಇನ್ನೊಂದಕ್ಕೆ ಮೆತ್ತಿ, ಪಾಪದ ಮಣ್ಣಿಗೆ ಕೆಟ್ಟ ಹೆಸರು ತರ್ತೀಯೇನೋ ಕೋತಿ?” ಅಂದರು.

ಕೆಲವು ವರ್ಷಗಳ ಹಿಂದೆ ಕೆ.ಆರ್. ಪುರದ ಗಲ್ಲಿಯೊಂದರಲ್ಲಿ ಲೋಹದ ಸಾಮಾನಿಗೆ ಹೊಳಪಿನ ಲೇಪ ಕೊಡುವ ಕ್ರೋಮ್ ಪ್ಲೇಟಿಂಗ್ ಶೆಡ್ಡಿಗೆ ಬೆಂಕಿ ಬಿತ್ತು. ಆರಿಸಲು ಹಾಯಿಸಿದ ನೀರು ಡ್ರಮ್ಮುಗಳ ಹಳದಿ ಕ್ರೋಮಿಯಂ ವಿಷವನ್ನು ಪಕ್ಕದ ವಠಾರದ ಅಂಗಳಕ್ಕೆ ಹೊತ್ತು ತಂದಿತು. ಅಲ್ಲಿ ಬಾಡಿಗೆಗಿದ್ದ ಕಲಬುರಗಿ ಕಡೆಯ ಕುಟುಂಬಗಳು ಸಮುದಾಯ ಭವನ ಸೇರಿದವು. ಅವರು ಮನೆಗೆ ಮರಳಬಹುದೇ ಎಂದು ಹೇಳಬೇಕಾದವರು ನಾವು.

ಅಂಗಳ ಶುದ್ಧ ಮಾಡಲು ಬಂದ ಗುತ್ತಿಗೆದಾರ ಹಳದಿ ಕಲೆ ಬಿದ್ದ ಮಣ್ಣನ್ನೆಲ್ಲ ಕೆತ್ತಿ ಸಾಗಿಸಿದ್ದ. “ಕಲೆ ಇದ್ದ ಕಡೆ ಒಂದ್ ಚೂರು ಮಣ್ಣು ತಗೊಳ್ಳಿ ಮೇಡಂ, ಇವತ್ತೇ ಮುಗಿಸ್ಬಿಡೋಣ,” ಅಂದ.

ಮೇಡಂ ಗುದ್ದಲಿ ಮುಟ್ಟಲಿಲ್ಲ. ಅಂಗಳದ ನಕ್ಷೆ ಬರೆಯುತ್ತ ಕೂತರು. ಮಕ್ಕಳು ಆಡುವುದೆಲ್ಲಿ, ಪಾತ್ರೆ ತೊಳೆಯುವುದೆಲ್ಲಿ, ನೀರು ಇಳಿಯುವುದು ಯಾವ ಕಡೆಗೆ... ಕಲೆ ಇರಲಿ ಬಿಡಲಿ, ನಕ್ಷೆಯ ತುಂಬ ಚೌಕ ಎಳೆದರು. ವಿಷದ ನೀರು ತಲುಪದ ಮೇಲಿನ ಬೀದಿಯ ಮಣ್ಣನ್ನೂ ತೆಗೆಸಿದರು, ಹೋಲಿಸಿ ನೋಡಲು.

“ಕಲೆ ಹುಡುಕೋಕೆ ಬಂದಿಲ್ಲ ಕಣೋ. ಮಗು ಇಲ್ಲಿ ಕೂತು ಮಣ್ಣಾಡಬಹುದಾ ಅಂತ ಹೇಳೋಕೆ ಬಂದಿರೋದು,” ಅಂದರು ನನಗೆ.

ಭವನದಲ್ಲಿ ಒಬ್ಬ ಹೆಂಗಸು ಜಗಳಕ್ಕೇ ನಿಂತಳು. “ನಿಮ್ಮ ಗೆರಿ ಎಳಿಯೂದು ಮುಗಿಯೂದ್ರಾಗ ನನ್ನ ಮಗಳು ಹಡಿತಾಳ್ರೀ! ಈ ಭವನದಾಗೇ ಬಾಣಂತನ ಮಾಡ್ಲೇನು?”

“ಆ ಕೂಸಿಗೋಸ್ಕರಾನೇ ಕಣಮ್ಮ ಇಷ್ಟು ಗೆರೆ,” ಅಂದರು ಮೇಡಂ. ಆಕೆ ಇನ್ನೂ ಬೈದಳು. ಮೇಡಂ ಬೈಸಿಕೊಂಡರು.

ಫಲಿತಾಂಶ ಬಂತು. ಕೆತ್ತಿದ ಜಾಗ ಶುದ್ಧ. ಕಲೆಯೇ ಇಲ್ಲದ, ಮಕ್ಕಳು ಆಡುವ ನಲ್ಲಿ ಪಕ್ಕದ ಚೌಕಗಳಲ್ಲಿ ಕ್ರೋಮಿಯಂ! ಅದನ್ನೂ ಅಗೆಸಿ, ಗುಂಡಿಯ ತಳವನ್ನು ಮತ್ತೆ ಪರೀಕ್ಷಿಸಿ, ಹೊಸ ಮಣ್ಣು ತುಂಬಿಸಿದ ಮೇಲೆಯೇ ಮೇಡಂ ಒಪ್ಪಿಗೆ ಕೊಟ್ಟದ್ದು. ಅಂದು ಗುತ್ತಿಗೆದಾರನ ಜೋಲುಮೋರೆಯನ್ನು ಅನುಕರಿಸಲು ಹೋಗಿ ಸೋತೆ. ಹೆಮ್ಮೆಯಿಂದ ಹಿಗ್ಗಿದ ನನ್ನ ಮುಖ ಜೋಲಲು ಒಪ್ಪಲೇ ಇಲ್ಲ.

ಮೇಡಂ ಕಳೆದ ವರ್ಷ ತೀರಿಕೊಂಡರು.

ಮೊನ್ನೆ ಬೇಕರಿಯಿಂದ ಆ ವಠಾರಕ್ಕೇ ಹೋದೆ. ಜಗಳವಾಡಿದ್ದ ಆಕೆ ಗುರುತು ಹಿಡಿದು, “ನಿಮ್ಮ ಮೇಡಂ ಹ್ಯಾಂಗದಾರ್ರೀ?” ಅಂದಳು. ಹೇಳಿದೆ. “ಬೈದು ಕಳಿಸಿದ್ನಲ್ರೀ... ಕೂಸಿನ ಮುಖ ತೋರಿಸ್ಬೇಕಂತಿತ್ತು,” ಅಂದಳು.

ಆ ಕೂಸು ನಲ್ಲಿಯ ಪಕ್ಕದಲ್ಲೇ ಕೂತು, ಮೊಣಕೈವರೆಗೂ ಕೆಸರು ಮಾಡಿಕೊಂಡು ಮಣ್ಣಿನ ಇಡ್ಲಿ ತಟ್ಟುತ್ತಿತ್ತು. ಒಂದನ್ನು ತಂದು ನನ್ನ ಮುಂದಿಟ್ಟಿತು. ಚಪ್ಪರಿಸಿ ತಿಂದಂತೆ ನಟಿಸಿದೆ.

“ಇನ್ನೊಂದು ಕೊಡವ್ವ,” ಅಂದೆ, “ನಮ್ಮ ಮೇಡಂಗೆ.”