ಸಾ॥ ಕಾಳಗಿ

ನಮ್ಮ ಮನೆಯ ಗೇಟಿನ ಮೇಲಿರುವ ನಾಮಫಲಕವನ್ನು ಬರೆದ ಪೇಂಟರು ಮೂಲತಃ ಬಸ್ಸಿನ ಬೋರ್ಡು ಬರೆಯುವವನೆಂಬ ಸತ್ಯ ನನಗೆ ತಿಳಿದದ್ದು ಫಲಕದ ಬಣ್ಣ ಒಣಗಿದ ಮೇಲೆ. ಹಳದಿ ನೆಲ, ಕಪ್ಪು ಅಕ್ಷರ. ನನ್ನ ಸ್ವಂತ ಹೆಸರಾದ 'ಬಸವರಾಜ' ಬಡ ನೆಂಟನಂತೆ ಮೂಲೆ ಹಿಡಿದು ಕುಳಿತಿದ್ದರೆ, ಅಡ್ಡಹೆಸರಾದ 'ಕಾಳಗಿ' ಮಾತ್ರ ಓಣಿಯ ಆ ತುದಿಯಿಂದ ಓದಲು ಬರುವಷ್ಟು ಪುಷ್ಟವಾಗಿತ್ತು. ಒಂದು ಮಧ್ಯಾಹ್ನ ಚೀಲ ಹಿಡಿದ ಮುದುಕನೊಬ್ಬ ಬಂದು ನಮ್ಮ ಕಟ್ಟೆಯ ಮೇಲೆ ನಿಶ್ಚಿಂತೆಯಿಂದ ಕುಳಿತು, ಗಿಡಗಳಿಗೆ ನೀರು ಹಾಕುತ್ತಿದ್ದ ನನ್ನ ಹೆಂಡತಿ ಶಾರದೆಯನ್ನು, "ಕಾಳಗಿ ಗಾಡಿ ಹೋಯ್ತೇನ್ರೆವ್ವಾ?" ಎಂದು ಕೇಳಿದ. "ಇದು ಸ್ಟಾಪ್ ಅಲ್ರಿ ಯಪ್ಪಾ, ಮನಿ ಅದ" ಎಂದಳು ಇವಳು. ಅವನು ಬೋರ್ಡನ್ನೊಮ್ಮೆ, ಇವಳನ್ನೊಮ್ಮೆ ನೋಡಿ, ಸುಳ್ಳು ಹೇಳುತ್ತಿರುವುದು ಇಬ್ಬರಲ್ಲಿ ಯಾರೆಂದು ತಿಳಿಯದೆ, ಕೊಟ್ಟ ಚಹಾ ಕುಡಿದು ಎದ್ದು ಹೋದ.

ಓದುಗ ಮಹಾಶಯರೇ, ನಮ್ಮ ಸೀಮೆಯಲ್ಲಿ ಅಡ್ಡಹೆಸರೆಂಬುದು ಬಹುಮಟ್ಟಿಗೆ ಊರ ಹೆಸರೇ. ನಮ್ಮ ಓಣಿಯಲ್ಲೇ ಒಬ್ಬರು ಕುರಕುಂಟಾ, ಒಬ್ಬರು ಸೇಡಂ, ಮೂಲೆಮನೆಯವರು ಚಿಂಚೋಳಿ; ಹಾಜರಿ ಕರೆದರೆ ಬಸ್‌ಸ್ಟ್ಯಾಂಡಿನ ಕಂಟ್ರೋಲರು ಕೂಗಿದಂತೆ ಕೇಳುತ್ತದೆ. ಇದರಲ್ಲೊಂದು ಸ್ವಾರಸ್ಯವಿದೆ. ಕಾಳಗಿಯಲ್ಲಿ ಇರುವ ಯಾರನ್ನೂ ಯಾರೂ 'ಕಾಳಗಿ' ಎಂದು ಕರೆಯುವುದಿಲ್ಲ. ಊರು ಬಿಟ್ಟವನಿಗಷ್ಟೇ ಊರಿನ ಹೆಸರು. ಶಹಾಬಾದಿನ ಫರ್ಸಿಯೂ ಹಾಗೆಯೇ: ಗಣಿಯ ಪಕ್ಕದಲ್ಲಿ ಅದು ಬರೀ ಕಲ್ಲು, ಪರಸ್ಥಳದ ಅಡುಗೆಮನೆ ಸೇರಿದ ಮೇಲೆ 'ಶಹಾಬಾದ ಕಲ್ಲು'. ನಮ್ಮ ಅಜ್ಜ ಯಾವ ಕಾರಣಕ್ಕೋ ಕಾಳಗಿ ಬಿಟ್ಟು ಸೇಡಂಗೆ ಬಂದ. ನಾನು ಹುಟ್ಟಿದ್ದು ಸೇಡಂನಲ್ಲಿ. ಕಾಳಗಿಯಲ್ಲಿ ನನಗಿರುವುದು ಬಸ್ಸಿನ ಕಿಟಕಿಯಿಂದ ಕಂಡ ಪರಿಚಯ ಮಾತ್ರ. ಶಾರದೆಯ ಕಥೆ ಇನ್ನೂ ಸೊಗಸು. ವಾಡಿ ಸ್ಟೇಷನ್ನಿನ ಎದುರು ಕಿರಾಣಿ ಅಂಗಡಿ ಇಟ್ಟವರ ಮಗಳು. ತವರಿನ ಅಡ್ಡಹೆಸರು ಸನ್ನತಿ. ಮದುವೆಯಾದ ದಿನ ಅಕ್ಷತೆಯ ಜೊತೆಗೇ ಸನ್ನತಿಯಿಂದ ಕಾಳಗಿಗೆ ವರ್ಗವಾದಳು, ಎರಡೂ ಊರುಗಳಲ್ಲಿ ಒಂದು ದಿನವೂ ವಾಸಿಸದೆ.

ವರ್ಗವೆಂದಾಗ ನೆನಪಾಯಿತು. ನಾನು ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದವನು. ಸರಕಾರ ನನ್ನನ್ನು ಚಿಂಚೋಳಿಗೆ, ಅಲ್ಲಿಂದ ಶಹಾಬಾದಿಗೆ, ನಡುವೆ ಮತ್ತೆ ಸೇಡಂಗೆ ಎಂದು ಚದುರಂಗದ ಪ್ಯಾದೆಯಂತೆ ಸರಿಸುತ್ತಲೇ ಇತ್ತು. ನಾವು ಒಂದೂರಿಗೆ ಹೋಗಿ ಗಂಟುಮೂಟೆ ಬಿಚ್ಚುವ ಹೊತ್ತಿಗೆ ಅಲ್ಲಿನ ಪುರಸಭೆಯ ಚುನಾವಣೆ ಮುಗಿದಿರುತ್ತಿತ್ತು. ಮುಂದಿನದು ಬರುವಷ್ಟರಲ್ಲಿ ನನ್ನ ಆರ್ಡರು ಬಂದಿರುತ್ತಿತ್ತು. ಹೀಗಾಗಿ ದಿಲ್ಲಿಗೆ ಯಾರು ಹೋಗಬೇಕು, ಬೆಂಗಳೂರಿಗೆ ಯಾರು ಹೋಗಬೇಕು ಎಂಬುದನ್ನು ಶಾರದೆ ಹಲವು ಸಲ ತೀರ್ಮಾನಿಸಿದ್ದರೂ, ತನ್ನ ಮನೆಯ ಮುಂದಿನ ನಲ್ಲಿಗೆ ನೀರು ಯಾರು ಬಿಡಿಸಬೇಕೆಂಬುದನ್ನು ಒಮ್ಮೆಯೂ ತೀರ್ಮಾನಿಸಿದವಳಲ್ಲ. "ದಿಲ್ಲಿ ನಾ ಕಂಡಿಲ್ಲ. ನಲ್ಲಿ ದಿನಾ ಕಾಣ್ತೀನಿ. ಕಂಡದ್ದಕ್ಕ ಓಟಿಲ್ಲ ನಂಗ" ಎನ್ನುತ್ತಿದ್ದಳು. ನಾನು ದಿಲ್ಲಿ-ನಲ್ಲಿಯ ಪ್ರಾಸಕ್ಕೆ ತಲೆದೂಗಿ, ಅರ್ಥವನ್ನು ಅಲ್ಲೇ ಬಿಡುತ್ತಿದ್ದೆ.

ನಿವೃತ್ತನಾಗಿ ಚಿತ್ತಾಪುರದಲ್ಲಿ ಈ ಮನೆ ಕೊಂಡಾಗ ಅವಳ ಆಸೆಗೆ ಕಾಲ ಕೂಡಿಬಂತು ಅನ್ನಿಸಿತು. ಎದುರುಮನೆಯ ರಜಿಯಾ, ಓಣಿಯ ಹೆಂಗಸರ ರವಿಕೆಗಳನ್ನೆಲ್ಲ ಹೊಲಿಯುವವಳು, ಗಟಾರದ ನೀರು ತನ್ನ ಹೊಲಿಗೆ ಮಶೀನಿನ ಕಾಲಿಗೆ ಬಂದು ಮುಟ್ಟಿದ ಒಂದು ಮಳೆಗಾಲದಲ್ಲಿ ಸಿಟ್ಟಿಗೆದ್ದು, "ಈ ಸಲ ನಾನೇ ನಿಲ್ತೀನಿ" ಎಂದಳು. ವಾರ್ಡು ಮಹಿಳೆಯರಿಗೆ ಮೀಸಲಾಗಿತ್ತು. ಪಕ್ಷವಿಲ್ಲ, ಪಟಾಲಮ್ಮಿಲ್ಲ, ಚಿಹ್ನೆ ಹೊಲಿಗೆ ಯಂತ್ರ. ಶಾರದೆ ಕೊರಳಿನ ಕರಡಿಗೆಯನ್ನು ಹಿಡಿದು, "ಲಿಂಗ ಮುಟ್ಟಿ ಹೇಳ್ತೀನಿ ರಜಿಯಾ, ನನ್ನ ಓಟು ನಿನಗೇ" ಎಂದುಬಿಟ್ಟಳು. ನಮ್ಮಲ್ಲಿ ಹಾಗೆ ಹೇಳಿದ ಮಾತು ತಿರುಗಿ ಬರುವುದಿಲ್ಲ.

ಆದರೆ ಓಟಿರಬೇಕಲ್ಲ! ನಾನು ಈ ಊರಿಗೆ ಬಂದ ವರ್ಷವೇ ಮನೆಮನೆಗೆ ಬಂದಿದ್ದ ಅಂಗನವಾಡಿ ಟೀಚರಮ್ಮ ನನ್ನ ಹೆಸರು ಬರೆದುಕೊಂಡು ಹೋಗಿದ್ದರು. ಶಾರದೆ ಆಗ ತಂಗಿಯ ಮಗಳ ಬಾಣಂತನಕ್ಕೆಂದು ವಾಡಿಯಲ್ಲಿದ್ದಳು. ಈಗ ಅವಳಿಗಾಗಿ ನಾನು ನಿಯಮಗಳನ್ನು ಓದಿ ಹೇಳಿದೆ. ಹದಿನೆಂಟು ತುಂಬಿರಬೇಕು, ಅದು ತುಂಬಿ ತುಳುಕಿತ್ತು. ಎರಡು ಕಡೆ ಹೆಸರಿರಬಾರದು. ಶಹಾಬಾದಿನ ಪಟ್ಟಿಯವರು 'ಸ್ಥಳಾಂತರ' ಎಂದು ಆಗಲೇ ಅಳಿಸಿದ್ದರು. ಚಿತ್ತ ಸ್ವಸ್ಥವಾಗಿರಬೇಕು, ಚಿತ್ತಾಪುರದವರಿಗೆ ಅದನ್ನು ಬೇರೆ ಕೇಳಬೇಕೆ? ಕೊನೆಯದಾಗಿ, ಅರ್ಜಿದಾರರು ಈ ಸ್ಥಳದ 'ಸಾಮಾನ್ಯ ನಿವಾಸಿ'ಯಾಗಿರಬೇಕು. "ನಾ ಅಸಾಮಾನ್ಯ ಯಾವಾಗ ಇದ್ದೆ?" ಎಂದು ನಕ್ಕಳು.

ನನ್ನ ಕೈಬರಹ ಪರೀಕ್ಷೆಯ ಮೌಲ್ಯಮಾಪನದಲ್ಲಿ ಸವೆದು ಇರುವೆಸಾಲಾಗಿದೆಯಾದ್ದರಿಂದ, ಕಚೇರಿಯ ಮುಂದೆ ಬೇವಿನ ಮರದಡಿ ಅರ್ಜಿ ಬರೆದುಕೊಡುವ ಹಿರಿಯರೊಬ್ಬರ ಬಳಿ ಅವಳೇ ಹೋಗಿ ಬರೆಸಿಕೊಂಡು ಬಂದಳು. ಮುತ್ತು ಪೋಣಿಸಿದಂಥ ಅಕ್ಷರ. ನಾನು ಅಕ್ಷರದ ಅಂದ ನೋಡಿ ಭೇಷ್ ಎಂದೆ. ಅವಳು ಕೊಟ್ಟು ಬಂದಳು.

ವಾರ್ಡಿನ ಪಟ್ಟಿ ಗೋಡೆಗೆ ಅಂಟಿಸಿದ ದಿನ ಶಾರದೆ ಕನ್ನಡಕ ಒರೆಸಿಕೊಂಡು ಮೇಲಿನಿಂದ ಕೆಳಗೆ, ಮತ್ತೆ ಕೆಳಗಿನಿಂದ ಮೇಲೆ ಓದಿದಳು. ನಾನಿದ್ದೆ. ತೀರಿಹೋದ ಕುರಕುಂಟಾ ಕಾಕಾ ಕೂಡ ಇದ್ದರು. ಅವಳಿರಲಿಲ್ಲ. ಒಳಗೆ ವಿಚಾರಿಸಿದರೆ, ಕಿಟಕಿಯಲ್ಲಿದ್ದ ಹುಡುಗಿ ಅರ್ಜಿಯನ್ನು ಹುಡುಕಿ ತೆಗೆದು ನಮ್ಮ ಮುಂದೆ ಹಿಡಿದಳು. ಅದೇ ಮುತ್ತಿನಂಥ ಅಕ್ಷರ: 'ಶಾರದಾ ಗಂಡ ಬಸವರಾಜ, ಸಾ॥ ಕಾಳಗಿ, ಹಾ॥ ವ॥ ಚಿತ್ತಾಪುರ.' ಅದರಡಿ ಕೆಂಪು ಶಾಯಿಯಲ್ಲಿ ಷರಾ: 'ಸಾಮಾನ್ಯ ನಿವಾಸಿಯಲ್ಲ.'

ಇದನ್ನು ಬಿಡಿಸಿ ಹೇಳಬೇಕು. ನಿಜಾಮನ ಕಾಲದಿಂದ ನಮ್ಮ ಕಡೆಯ ದಸ್ತಾವೇಜುಗಳಲ್ಲಿ 'ಸಾ' ಎಂದರೆ ಸಾಕಿನ್, ಅಂದರೆ ಇಂಥ ಊರಿನ ನಿವಾಸಿ. 'ಹಾ ವ' ಎಂದರೆ ಹಾಲಿ ವಸ್ತಿ, ಅಂದರೆ ಸದ್ಯಕ್ಕೆ ಬಿಡಾರ ಹೂಡಿರುವ ಜಾಗ. ಆ ಹಿರಿಯರ ಕೈ ಎಷ್ಟು ಪಳಗಿತ್ತೆಂದರೆ, ಊರ ಹೆಸರು ಕಿವಿಗೆ ಬಿದ್ದೊಡನೆ ಅದು ತಾನಾಗಿ ಹಿಂದೊಂದು 'ಸಾ' ಇಡುತ್ತಿತ್ತು. ಅಡ್ಡಹೆಸರು ವಿಳಾಸವಾಯಿತು, ನಿಜವಾದ ವಿಳಾಸ ಬಿಡಾರವಾಯಿತು. ಸಂಗೀತದಲ್ಲಿ 'ಸಾ' ಮೊದಲ ಸ್ವರ, ಎಲ್ಲ ಅಲ್ಲಿಂದಲೇ ಹೊರಡುತ್ತದೆ. ನಮ್ಮ ಮನೆಯಲ್ಲಿ ಎಲ್ಲ ಅಲ್ಲಿಗೇ ನಿಂತಿತು. ಬೇವಿನ ಮರದಡಿ ಹೋಗಿ ಕೇಳಿದರೆ ಆ ಹಿರಿಯರಿಗೆ ನಿಜಕ್ಕೂ ಆಶ್ಚರ್ಯ. "ಇದರಾಗ ತಪ್ಪೇನ್ ಬಂತ್ರಿ ಸರ? ಕಾಳಗಿ ಅಂದ್ರು, ಸಾ ಕಾಳಗಿ ಬರದೆ. ಊರಿಗಿ ಸಾ ಹಾಕಲಾರದೆ ಹ್ಯಾಂಗ ಬರೀಲಿ? ನಮ್ಮ ಉಸ್ತಾದರು ಹಾಂಗೇ ಕಲಿಸ್ಯಾರ" ಎಂದರು.

ಹೆಸರು ಸೇರಿಸುವ ದಿನಾಂಕ ದಾಟಿತ್ತು. "ಮುಂದಿನ ಸಲಕ್ಕ ಆಗ್ತದ್ರಿ ಆಂಟಿ" ಎಂದಳು ಕಿಟಕಿಯ ಹುಡುಗಿ, ಒಳ್ಳೆಯ ಮನಸ್ಸಿನಿಂದಲೇ. ಕಾಳಗಿಯ ಪಟ್ಟಿಯಲ್ಲಾದರೂ ಇದ್ದಾಳೆಯೇ ಎಂದರೆ, ಎಲ್ಲಿಂದ ಇರಬೇಕು? ದಾರಿಯುದ್ದಕ್ಕೂ ನಾನು, ಈ ಲೋಕದಲ್ಲಿ ಎಲ್ಲರದೂ ಹಾಲಿ ವಸ್ತಿಯೇ, ಕಾಯವೇ ಒಂದು ಬಾಡಿಗೆ ಮನೆ ಎಂದು ಏನೇನೋ ತತ್ತ್ವ ಹೇಳಿದೆ. "ಅದು ಶಿವನ ಕಚೇರ್‍ಯಾಗ ನಡೀತದ. ವಾರ್ಡಿನ್ಯಾಗ ನಡ್ಯಂಗಿಲ್ಲ" ಎಂದಳು. ಯಾವ ಊರಿಗೂ ಒಂದು ದೂರು ಹೇಳದೆ ನನ್ನ ಹಿಂದೆ ಹಿಂದೆ ಬಂದವಳನ್ನು, ಕೊನೆಗೆ ನಿಂತ ಊರು ಕೂಡ ನೀನು ನಮ್ಮವಳಲ್ಲ ಅಂದಿತ್ತು.

ಮತದಾನದ ದಿನ ಅವಳು ಇಳಕಲ್ ಸೀರೆಯುಟ್ಟು ಶಾಲೆಯ ಗೇಟಿನವರೆಗೆ ನನ್ನ ಜೊತೆ ಬಂದಳು. ಗುಪ್ತ ಮತದಾನದ ಗುಟ್ಟನ್ನು ಇಲ್ಲಿ ಬಿಟ್ಟುಕೊಡುತ್ತಿದ್ದೇನೆ, ಕ್ಷಮಿಸಿ: ನಾನು ಹೊಲಿಗೆ ಯಂತ್ರವನ್ನೇ ಒತ್ತಿದೆ. ಹೊರಗೆ ಬಂದು, ಬೆರಳಿನ ಶಾಯಿ ತೋರಿಸಿ, "ನಿನ್ನ ಮಾತು ಉಳಸೀನಿ ನೋಡು" ಎಂದೆ, ದೊಡ್ಡ ಉಪಕಾರ ಮಾಡಿದವನಂತೆ. ಅವಳು ನನ್ನ ಬೆರಳನ್ನೇ ನೋಡಿದಳು. "ಅದು ನಿಮ್ಮ ಓಟಾಯ್ತು. ನಂದೆಲ್ಲಿ ಅದ?" ಎಂದಳು. ನಾನು ಬೆರಳನ್ನು ಜೇಬಿಗೆ ಇಳಿಸಿದೆ.

ಎಣಿಕೆಯ ದಿನ ರಜಿಯಾ ಸೋತಳು, ಸಣ್ಣ ಸೋಲಲ್ಲ, ಠೇವಣಿ ಹೋಗುವಂಥ ಸೋಲು. ಸಂಜೆ ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತಳು. ಶಾರದೆ ಎಡಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡೇ ಚಹಾ ಕೊಟ್ಟಳು. ಹೆಸರಿಲ್ಲದ ಸಂಗತಿಯನ್ನು ಇವಳು ಅವಳಿಗೆ ಹೇಳಿರಲಿಲ್ಲ. ಚುನಾವಣೆಯ ಹೊತ್ತಿನಲ್ಲಿ ಅವಳ ಧೈರ್ಯ ಕುಂದೀತೆಂಬ ಅಂಜಿಕೆ. ಈಗ ತಾನೇ ಕೈ ಹೊರತೆಗೆದು, ಶಾಯಿಯಿಲ್ಲದ ಬೆರಳನ್ನು ಅವಳ ಮುಂದೆ ಹಿಡಿದು, "ಲಿಂಗ ಮುಟ್ಟಿ ಹೇಳಿದ್ದೆ, ಆಗಲಿಲ್ಲ ತಂಗಿ" ಎಂದು ಅತ್ತುಬಿಟ್ಟಳು.

ರಜಿಯಾ ಆ ಬೆರಳನ್ನು ಹಿಡಿದುಕೊಂಡಳು. "ಅಕ್ಕಾ, ಇಡೀ ಓಣಿ ಓಟಿನ ದಿನದಿಂದ ಶಾಯಿ ತೋರ್ಸಿ ತೋರ್ಸಿ, ನಿಂಗೇ ಹಾಕೀವಿ ಅಂದದ. ಅಷ್ಟು ಓಟು ಎಣಿಕ್ಯಾಗ ಬಂದಿಲ್ಲ. ಖೋಟಾ ಹೇಳಲಾರದ ಬೆರಳು ಇದೊಂದೇ."

"ನಂಗ ಸಮಾಧಾನ ಬ್ಯಾಡವಾ, ಓಟು ಬೇಕಿತ್ತು" ಎಂದಳು ಶಾರದೆ.

ಈಗ ಅವಳ ಹೆಸರು ಪಟ್ಟಿಯಲ್ಲಿದೆ. ಟೀಚರಮ್ಮನನ್ನು ಎದುರಿಗೇ ಕೂರಿಸಿಕೊಂಡು, ಅಕ್ಷರ ಅಕ್ಷರಕ್ಕೂ ಬೆರಳಿಟ್ಟು ಬರೆಸಿದಳು. ಮುಂದಿನ ಚುನಾವಣೆಗೆ ಇನ್ನೂ ವರ್ಷಗಳಿವೆ; ರಜಿಯಾ ಇನ್ನು ನಿಲ್ಲುವುದಿಲ್ಲವಂತೆ, ಮಶೀನನ್ನು ಎತ್ತರದ ಕಟ್ಟೆಗೆ ಏರಿಸಿಕೊಂಡಿದ್ದಾಳೆ. ಓಟು ಬಂದಿದೆ, ಅದನ್ನು ಯಾರಿಗೆ ಹಾಕಬೇಕೆಂದಿದ್ದಳೋ ಅವಳು ಕಣದಲ್ಲಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಕೆಡುಕೆನಿಸುತ್ತದೆ.

ಪಟ್ಟಿಗೆ ಹೆಸರು ಬಂದ ವಾರವೇ ಶಾರದೆ ಆ ಪೇಂಟರನ್ನು ಕರೆಸಿ, 'ಕಾಳಗಿ'ಯ ಕೆಳಗೆ ಅಷ್ಟೇ ದಪ್ಪ ಅಕ್ಷರದಲ್ಲಿ 'ಸಾ॥ ಚಿತ್ತಾಪುರ' ಎಂದು ಬರೆಸಿದಳು. ಫಲಕ ಈಗ ಇನ್ನಷ್ಟು ಬಸ್ಸಿನಂತೆ ಕಾಣುತ್ತದೆಂದು ನಾನು ಹೇಳಲು ಹೋಗಲಿಲ್ಲ. ಮೊನ್ನೆ ಅದೇ ಮುದುಕ ಚೀಲ ಹಿಡಿದು ಬಂದ. ಬೋರ್ಡಿನ ಮುಂದೆ ನಿಂತು, ಎರಡೂ ಸಾಲುಗಳನ್ನು ಕೂಡಿಸಿ ಓದಿಕೊಂಡು, ಗೇಟಿನಲ್ಲಿದ್ದ ಶಾರದೆಯನ್ನು ಕೇಳಿದ:

"ಯವ್ವಾ, ಕಾಳಗಿ ಗಾಡಿ ಚಿತ್ತಾಪುರಕ್ಕ ಬಂತೇನ್ರಿ?"

ಈ ಸಲ ಅವಳು ಇದು ಸ್ಟಾಪ್ ಅಲ್ಲ ಅನ್ನಲಿಲ್ಲ.

"ಬಂದದ ಯಪ್ಪಾ" ಎಂದಳು. "ಭಾಳ ತಡಾ ಮಾಡಿ ಬಂತು."