ಹಾಡಹಗಲ ಬೆಳ್ಳಿ ಚಿಕ್ಕಿ

ಎಂಬತ್ತನೇ ಇಸವಿಯ ಸೂರ್ಯಗ್ರಹಣ ಎಂದರೆ ನನಗೆ ಈಗಲೂ ಮೊದಲು ಮೂಗಿಗೆ ಬಡಿಯುವುದು ಇಲಿ ಉಚ್ಚೆಯ ನಾತ. ಆಗ ನಾನು ಚೊಚ್ಚಲ ಬಸುರಿ. ಅಣ್ಣಿಗೇರಿ ಸಮೀಪದ ಹಳ್ಳಿಯಲ್ಲಿ ಗಂಡನ ಮನೆ.

ನಮ್ಮತ್ತೆಗೆ ಗಡಿಯಾರ ಬೇಕಿರಲಿಲ್ಲ. ಆಕಾಶದಲ್ಲಿ ಸಾಲಾಗಿ ನಿಂತ ಮೂರು ನಕ್ಷತ್ರಗಳ ಕೂರಿಗಿ ಚಿಕ್ಕಿ ಇಳಿದರೆ ಎತ್ತಿಗೆ ಮೇವು, ಬೆಳ್ಳಿ ಚಿಕ್ಕಿ ಮೂಡಿದರೆ ಒಲೆಗೆ ಬೆಂಕಿ. ನನಗೆ ಮುಗಿಲು ನೋಡಲು ಕಲಿಸಿದವಳೇ ಆಕೆ. ಗ್ರಹಣದ ದಿನ ಹಾಡಹಗಲೇ ಚಿಕ್ಕಿ ಕಾಣುತ್ತವಂತೆ ಎಂದು ನಾನು ಪೇಪರು ಓದಿ ಹೇಳಿದಾಗ, ಸೋಸುತ್ತಿದ್ದ ಪಲ್ಯದ ಸೊಪ್ಪು ಅಲ್ಲೇ ಬಿಟ್ಟು, "ಬೆಳ್ಳಿ ಚಿಕ್ಕಿನೂ ಕಾಣತೈತೇನ?" ಎಂದು ಎರಡೆರಡು ಸಲ ಕೇಳಿದಳು. ಇಬ್ಬರೂ ಕೂಡಿ ನೋಡುವುದೆಂದು ಆಸೆಪಟ್ಟೆವು.

ಮಾವನವರು ಬಿಡಬೇಕಲ್ಲ! "ಕೂಸಿನ ತುಟಿ ಹರೀತೈತಿ" ಎಂದು ಗದರಿ, ಹತ್ತಿ ತುಂಬುವ, ಇಲಿ ಉಚ್ಚೆ ನಾರುವ ಕೋಣೆಯಲ್ಲಿ ನನ್ನನ್ನೂ, ನನ್ನ ಕಾವಲಿಗೆ ಅತ್ತೆಯನ್ನೂ ಕೂಡಿಹಾಕಿದರು. ಕಿಟಕಿಗೆ ಗೋಣಿಚೀಲ ತುರುಕಿ, ಹೊರಗಿನಿಂದ ಚಿಲಕ ಜಡಿದರು. ಪಡಸಾಲೆಯಲ್ಲಿ ನೀರು ತುಂಬಿದ ಪರಾತದೊಳಗೆ ಒನಕೆ ನಿಲ್ಲಿಸಿದರು. ಗ್ರಹಣ ಬಿಟ್ಟಾಗ ಒನಕೆ ತಾನಾಗಿಯೇ ಬೀಳುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಅದು ಬಿದ್ದ ಮೇಲೆಯೇ ಬಾಗಿಲು ತೆಗೆಯುವುದು.

ಬಾಗಿಲ ಸಂದಿಯಲ್ಲಿ ಕತ್ತಲಾಯಿತು, ಮತ್ತೆ ಬೆಳಕಾಯಿತು. ಒನಕೆ ಬೀಳಲಿಲ್ಲ. ಬುಡ ಸಪಾಟಾಗಿದ್ದ ಒನಕೆ ಯಾಕೆ ಬಿದ್ದೀತು? ನಾನು ಬಾಗಿಲು ಬಡಿದೆ.

"ಒನಕಿ ಇನ್ನೂ ನಿಂತೈತಿ. ಸುಮ್ನ ಕುಂದರ್ರಿ" ಎಂದರು ಮಾವ.

ಬಸುರಿ ಎಷ್ಟು ಹೊತ್ತು ತಡೆದುಕೊಂಡಾಳು? ಕೊನೆಗೆ ಹತ್ತಿ ಚೀಲದ ಹಿಂದೆಯೇ ಕುಳಿತೆ. ಅತ್ತೆ ಮುಖ ಆಚೆ ತಿರುಗಿಸಿ ಸೆರಗು ಅಡ್ಡ ಹಿಡಿದಳು. ಆ ಅಸಹ್ಯ ನೆನೆದರೆ ಇಂದಿಗೂ ಮೈ ಹಿಡಿಯಾಗುತ್ತದೆ.

ಹೊತ್ತು ಮುಳುಗಲು ಬಂದಾಗ ಹಗ್ಗ ಕಿತ್ತುಕೊಂಡ ಎಮ್ಮೆ ಪಡಸಾಲೆಗೆ ನುಗ್ಗಿ ಪರಾತದ ನೀರಿಗೆ ಬಾಯಿ ಹಾಕಿತು. ಒನಕೆ ಉರುಳಿತು. ಗ್ರಹಣ ಬಿಟ್ಟಿತೆಂದು ಬಾಗಿಲು ತೆಗೆದರು!

ನಾವು ಬಚ್ಚಲಿಗೆ ಹೋಗುವಾಗ ಮಾವನವರು ಕಟ್ಟೆಯ ಮೇಲೆ ಎಲೆಅಡಿಕೆ ಉಗುಳುತ್ತ ಓಣಿಯವರಿಗೆ ಹೇಳುತ್ತಿದ್ದರು: "ಮಾಳಗಿ ಮ್ಯಾಲೆ ನಿಂತು ನಾ ಕಣ್ಣಾರೆ ನೋಡೇನ್ರಿ. ಬೆಳ್ಳಿ ಚಿಕ್ಕಿ ಅಗದಿ ಫಳಫಳ ಹೊಳೀತಿತ್ತು!"

ನಮಗೆ ಚಿಲಕ ಹಾಕಿ ತಾವು ಮಾಳಿಗೆ ಹತ್ತಿದ್ದರು. ಆ ಮುಖ ನೋಡಲೂ ನನಗೆ ಹೇಸಿಗೆಯಾಯಿತು.

ಅತ್ತೆ ನನ್ನ ತಲೆಗೆ ನೀರು ಹಾಕುತ್ತ ಮೆಲ್ಲಗೆ ಕೇಳಿದಳು: "ಇಂಥಾ ಗ್ರಹಣ ನಮ್ಮೂರಿಗೆ ಮತ್ತ ಯಾವಾಗ ಬರತೈತೆವ್ವಾ? ಪೇಪರಿನ್ಯಾಗ ಬರದಿದ್ರೇನು?"

ಬರೆದಿದ್ದರು. ನಮ್ಮ ಜೀವಮಾನದಲ್ಲಿ ಇನ್ನಿಲ್ಲ ಎಂದು ಬರೆದಿದ್ದರು.

"ಅದನ್ನ ಓದ್ಲಿಲ್ರಿ ಅತ್ತಿ" ಎಂದೆ.